ಲಕ್ವ: ಶಸ್ತ್ರಕ್ಕೆ ಮುನ್ನ, ಶಸ್ತ್ರದ ಅನಂತರ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಕಡೆಯ ಆಡುಮಾತಿನಲ್ಲಿ ಜ್ವರ ಬರುತ್ತದೆ, ನೆಗಡಿ ಆಗುತ್ತದೆ, ಹುಣ್ಣು ಏಳುತ್ತದೆ. ಲಕ್ವ ಮಾತ್ರ ‘ಹೊಡೆಯುತ್ತದೆ’. ನಿನ್ನೆ ಸಂತೆಗೆ ಹೋಗಿ ಬಂದಾತ ಇಂದು ಬೆಳಗ್ಗೆ ಹೊರಸಿನಿಂದ ಏಳಲಾರ. ಒಂದು ಕೈ, ಒಂದು ಕಾಲು ತನ್ನವಲ್ಲವೆಂಬಂತೆ ಬಿದ್ದುಕೊಂಡಿವೆ, ಬಾಯಿ ಓರೆಯಾಗಿದೆ, ಮಾತು ತೊದಲಿದೆ. ಇದನ್ನು ಕಂಡ ಜನಕ್ಕೆ ಸಿಡಿಲಿನ ನೆನಪಾದದ್ದು ಸಹಜವೇ ಸರಿ. ಈ ಕ್ರಿಯಾಪದದ ಆಯ್ಕೆಯಲ್ಲಿ ನಾವು ಒಂಟಿಯೂ ಅಲ್ಲ. ಹಳೆಯ ಗ್ರೀಕರು ಈ ರೋಗಕ್ಕೆ ಇಟ್ಟ ಹೆಸರಿಗೂ, ಇಂಗ್ಲಿಷಿನ ‘ಸ್ಟ್ರೋಕ್’ ಎಂಬುದಕ್ಕೂ ಹೊಡೆತವೆಂದೇ ಅರ್ಥ. ಸಂಸ್ಕೃತದ ‘ಪಕ್ಷಾಘಾತ’ದಲ್ಲಿಯೂ ಆಘಾತ ಅಡಗಿದೆ.

‘ಲಕ್ವ’ ಎಂಬ ಹೆಸರಿನದೇ ಒಂದು ಕತೆ. ಅದು ಅರಬ್ಬಿಯಿಂದ ಬಂದ ಪದ. ಮೂಲದಲ್ಲಿ ಅದು ಮುಖದ ಒಂದು ಪಕ್ಕ ಸೊಟ್ಟಗಾಗುವ ಬೇನೆಗೆ ಮಾತ್ರ ಹೆಸರು. ನಮ್ಮ ಜನ ಅದನ್ನು ಹಿಗ್ಗಿಸಿ ಕೈಕಾಲು ಬೀಳುವುದಕ್ಕೂ ಅನ್ವಯಿಸಿದರು. ಇದರಿಂದ ಆದ ಹಾನಿ ಭಾಷೆಗಲ್ಲ, ರೋಗಿಗಳಿಗೆ. ಮುಖ ಮಾತ್ರ ಸೊಟ್ಟಗಾಗುವ ಬೇನೆ ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಗುಣವಾಗುತ್ತದೆ. ಆ ವಾರಗಳಲ್ಲಿ ಎಣ್ಣೆ ತಿಕ್ಕಿದವನಿಗೆ, ಬೇರು ತೇಯ್ದು ಕೊಟ್ಟವನಿಗೆ, ಕೆಲವೆಡೆ ಪಾರಿವಾಳದ ನೆತ್ತರು ಸವರಿದವನಿಗೆ ಕೀರ್ತಿ ಸಲ್ಲುತ್ತದೆ. ‘ಇಂಥ ಊರಲ್ಲಿ ಲಕ್ವಕ್ಕೆ ಔಷಧ ಕೊಡುತ್ತಾರೆ’ ಎಂಬ ಸುದ್ದಿ ಹತ್ತು ಹಳ್ಳಿಗೆ ಹಬ್ಬುತ್ತದೆ. ಆಮೇಲೊಂದು ದಿನ ಮಿದುಳಿನಲ್ಲಿ ರಕ್ತನಾಳವೊಡೆದವನನ್ನೂ ಅದೇ ಬಾಗಿಲಿಗೆ ಒಯ್ಯುತ್ತಾರೆ. ಹೆಸರು ಒಂದೇ ತಾನೆ!

ರೋಗ ಒಂದಲ್ಲ. ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ಮುಂದಿನ ಭಾಗಕ್ಕೆ ರಕ್ತ ಹರಿಯದಿರುವುದು ಒಂದು ಬಗೆ. ಹೆಚ್ಚಿನವು ಈ ಬಗೆಯವು. ನಾಳವೇ ಒಡೆದು ರಕ್ತ ಮಿದುಳಿನೊಳಗೆ ನುಗ್ಗುವುದು ಇನ್ನೊಂದು. ಸಂಖ್ಯೆಯಲ್ಲಿ ಕಡಿಮೆಯಾದರೂ ಮಾರಕತೆಯಲ್ಲಿ ಎರಡನೆಯದೇ ಘೋರ. ಈ ಲೇಖನ ಮುಖ್ಯವಾಗಿ ಅದನ್ನು ಕುರಿತದ್ದು. ಮತ್ತು ಆರಂಭದಲ್ಲಿಯೇ ಹೇಳಿಬಿಡಬೇಕಾದದ್ದು ಇಷ್ಟು: ಈ ಎರಡನೆಯ ಬಗೆ ಸಾಮಾನ್ಯವಾಗಿ ‘ಹೊಡೆಯುವುದಿಲ್ಲ’. ಹತ್ತಾರು ವರ್ಷ ಸದ್ದಿಲ್ಲದೆ ಸವೆಸಿ, ಸವೆಸಿ, ಕೊನೆಗೊಂದು ದಿನ ಹರಿಯುತ್ತದೆ.

ಪ್ರೌಢ ಮನುಷ್ಯನ ಮಿದುಳಿನ ತೂಕ ಹೆಚ್ಚು ಕಡಿಮೆ 1.4 ಕಿಲೋಗ್ರಾಂ, ಮೈತೂಕದ ನೂರರಲ್ಲಿ ಎರಡು ಪಾಲು. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಐದನೆಯ ಒಂದು ಪಾಲು ಅದಕ್ಕೇ ಬೇಕು. ಕತ್ತಿನ ನಾಲ್ಕು ಧಮನಿಗಳು ಈ ರಕ್ತವನ್ನು ಹೊತ್ತು ಮೇಲೇರಿ ಮಿದುಳಿನ ಬುಡದಲ್ಲಿ ಒಂದು ಬಳೆಯಾಗಿ ಕೂಡುತ್ತವೆ. ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ 1664ರಲ್ಲಿ ಅದನ್ನು ವರ್ಣಿಸಿದ. ಅವನ ಗ್ರಂಥಕ್ಕೆ ಚಿತ್ರ ಬರೆದವನು, ಮುಂದೆ ಲಂಡನ್ನಿನ ಸೇಂಟ್ ಪಾಲ್ಸ್ ದೇವಾಲಯವನ್ನು ಕಟ್ಟಿಸಿದ ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್. ಈ ಬಳೆಯ ಸೌಲಭ್ಯವೇನೆಂದರೆ ಒಂದು ದಾರಿ ಕಟ್ಟಿದರೆ ಇನ್ನೊಂದು ದಾರಿಯಿಂದ ರಕ್ತ ಬರಬಹುದು. ಆದರೆ ಬಳೆಯಿಂದಲೂ ಅದರ ಕವಲುಗಳಿಂದಲೂ ಕೂದಲೆಳೆಯಂಥ ಸಣ್ಣ ನಾಳಗಳು ನೇರವಾಗಿ ಮಿದುಳಿನ ಆಳಕ್ಕೆ ಚುಚ್ಚಿಕೊಂಡು ಹೋಗುತ್ತವೆ. ಅವಕ್ಕೆ ಬದಲಿ ದಾರಿಯಿಲ್ಲ. ಇಳಕಲ್ಲಿನ ನೇಕಾರ ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ, ಎಳೆಗೆ ಎಳೆ ಸೇರಿಸುತ್ತಾನೆ. ಒಂದು ಎಳೆ ತುಂಡಾದರೆ ಮಗ್ಗ ನಿಲ್ಲಿಸಿ ಮತ್ತೆ ಹೊಸೆಯುತ್ತಾನೆ. ಮಿದುಳಿನ ಆಳದ ಎಳೆಗೆ ಆ ಉಪಾಯ ನಡೆಯದು. ಪ್ರಧಾನ ಧಮನಿಯ ಒತ್ತಡ ಹೆಚ್ಚೇನೂ ತಗ್ಗದೆ ಈ ಸಣ್ಣ ನಾಳಗಳ ಮೇಲೆ ಬೀಳುವುದರಿಂದ, ರಕ್ತದೊತ್ತಡ ಏರಿದ ಮೈಯಲ್ಲಿ ಮೊದಲು ಸೋಲುವುವು ಇವೇ. ಗೋಡೆ ಪೆಡಸಾಗುತ್ತದೆ, ತೆಳುವಾಗುತ್ತದೆ, ಒಡೆಯುತ್ತದೆ.

ಒತ್ತಡ ಏನು ಮಾಡಬಲ್ಲದೆಂಬುದಕ್ಕೆ ಚರಿತ್ರೆಯಲ್ಲಿ ಒಂದು ಪ್ರಸಿದ್ಧ ನಿದರ್ಶನವಿದೆ. 1945ರ ಫೆಬ್ರವರಿಯಲ್ಲಿ ಯಾಲ್ಟಾದಲ್ಲಿ ಕುಳಿತು ಯುದ್ಧಾನಂತರದ ಜಗತ್ತನ್ನು ಹಂಚಿದ ಮೂವರಲ್ಲಿ ರೂಸ್‌ವೆಲ್ಟ್ ಎರಡು ತಿಂಗಳೊಳಗೆ, ಏಪ್ರಿಲ್ 12ರಂದು, ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡ. ಒಂದು ವರ್ಷ ಮೊದಲು ಅವನನ್ನು ಪರೀಕ್ಷಿಸಿದ ಹೃದ್ರೋಗತಜ್ಞ ಕಂಡ ಒತ್ತಡ 186/108. ಕೊನೆಯ ದಿನ ಅದು 300ನ್ನು ದಾಟಿತ್ತು. ಜಗತ್ತಿನ ಅತ್ಯಂತ ಶಕ್ತಿವಂತ ಮನುಷ್ಯನಿಗೆ ಅಂದಿನ ವೈದ್ಯರು ಕೊಡಬಹುದಾಗಿದ್ದುದು ವಿಶ್ರಾಂತಿ, ಉಪ್ಪು ತಗ್ಗಿಸಿದ ಊಟ, ಒಂದೆರಡು ಸಾಮಾನ್ಯ ಔಷಧಗಳು, ಅಷ್ಟೆ. ಸ್ಟಾಲಿನ್ನನ ಅಂತ್ಯವೂ ಅದೇ ರೋಗದಿಂದ. ಆದರೆ ಅವನಿಗೆ ಕೊರತೆಯಾದದ್ದು ಬೇರೆ. 1953ರ ಮಾರ್ಚ್ 1ರಂದು ಕೋಣೆಯಲ್ಲಿ ಬಿದ್ದವನನ್ನು ಕಾವಲುಗಾರರು ಕಂಡದ್ದು ರಾತ್ರಿ. ಕರೆಯದೆ ಒಳಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ವೈದ್ಯರು ಬಂದದ್ದು ಮರುದಿನ ಬೆಳಗ್ಗೆ. ಮಾರ್ಚ್ 5ರಂದು ಅವನು ಸತ್ತ. ಒಬ್ಬನಿಗೆ ಔಷಧವಿರಲಿಲ್ಲ, ಇನ್ನೊಬ್ಬನಿಗೆ ಹೊತ್ತು ಸಿಗಲಿಲ್ಲ.

ಔಷಧದ ಕೊರತೆ ನೀಗಿದ ಕತೆಯಲ್ಲಿ ನಮ್ಮ ದೇಶದ ಪಾಲು ಸಣ್ಣದಲ್ಲ. ಸರ್ಪಗಂಧಿಯ ಬೇರನ್ನು ನಮ್ಮ ವೈದ್ಯರು ಹುಚ್ಚಿಗೂ ನಿದ್ರಾಹೀನತೆಗೂ ಶತಮಾನಗಳಿಂದ ಬಳಸುತ್ತಿದ್ದರು. ಅದು ರಕ್ತದೊತ್ತಡವನ್ನು ಇಳಿಸುತ್ತದೆಂದು 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಬರೆದರು. ಮುಂಬಯಿಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹೃದ್ರೋಗ ಪತ್ರಿಕೆಯೊಂದರಲ್ಲಿ ತಮ್ಮ ಅನುಭವವನ್ನು ಪ್ರಕಟಿಸಿದ ಮೇಲೆ ಪಶ್ಚಿಮದ ಕಣ್ಣು ತೆರೆಯಿತು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಆ ಬೇರಿನ ಸಾರವಾದ ರಿಸರ್ಪೀನನ್ನು ಬೇರ್ಪಡಿಸಿದರು. ಇಂದು ಅದರ ಬಳಕೆ ಅಪರೂಪ. ಅದಕ್ಕಿಂತ ಉತ್ತಮವಾದ ಗುಳಿಗೆಗಳು ಬಂದಿವೆ. ಅವುಗಳಲ್ಲಿ ಹಲವು ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿಯಾಗಿಯೂ ಅಂಗಡಿಯಲ್ಲಿ ಕಡಿಮೆ ಬೆಲೆಗೂ ಸಿಗುತ್ತವೆ. ರೂಸ್‌ವೆಲ್ಟನಿಗೆ ದೊರೆಯದ ಭಾಗ್ಯ ಬಾದಾಮಿಯ ಬಂಡೆ ಒಡೆಯುವವನ ಕೈಗೆ ಎಟುಕುವಂತಿದೆ.

ಆದರೆ ಗುಳಿಗೆ ನುಂಗಬೇಕಾದರೆ ಒತ್ತಡವಿದೆಯೆಂದು ಗೊತ್ತಾಗಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ದೊಡ್ಡ ಸಮೀಕ್ಷೆಯೊಂದರ ಫಲ 2023ರಲ್ಲಿ ಪ್ರಕಟವಾಯಿತು: ದೇಶದ ವಯಸ್ಕರಲ್ಲಿ ನೂರಕ್ಕೆ 35.5 ಮಂದಿಗೆ ಏರೊತ್ತಡ. ಅವರಲ್ಲಿ ಅನೇಕರಿಗೆ ಅದು ತಿಳಿಯದು. ಏಕೆಂದರೆ ಅದು ನೋಯಿಸುವುದಿಲ್ಲ. ಕುಣಿಮಗ್ಗದಲ್ಲಿ ಕಾಲಿಳಿಸಿ ದಿನವಿಡೀ ಲಾಳಿ ಆಡಿಸುವಾತನಿಗೆ ಸೊಂಟ ನೋಯುತ್ತದೆ, ಕಣ್ಣು ಸೋಲುತ್ತದೆ. ಒತ್ತಡ ಯಾವ ದೂರನ್ನೂ ಹೇಳುವುದಿಲ್ಲ. ತಿಳಿದವರಲ್ಲಿಯೂ ಒಂದು ತಿಂಗಳು ಗುಳಿಗೆ ನುಂಗಿ, ‘ಈಗ ಆರಾಮ ಅದೀನಿ’ ಎಂದು ಬಿಟ್ಟವರೇ ಬಹಳ. ದಿನಗೂಲಿ ಬಿಟ್ಟು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವ ಖರ್ಚನ್ನೂ ಇಲ್ಲಿ ಲೆಕ್ಕಕ್ಕೆ ಹಿಡಿಯಬೇಕು. ಬಡವನ ಉದಾಸೀನವೆಂದು ನಾವು ಕರೆಯುವುದರಲ್ಲಿ ಅರ್ಧ ಅವನ ಅಂಕಗಣಿತ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ. ರೊಟ್ಟಿಯ ಪಕ್ಕದ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಸಂಜೆಯ ಮಿರ್ಚಿ ಭಜಿ ಇವನ್ನೆಲ್ಲ ಕೂಡಿಸಿ ನೋಡಿದರೆ ಆ ಮಿತಿ ಎಲ್ಲಿ ಉಳಿಯಿತೋ! ತಂಬಾಕು ಬೇರೆ.

ಒತ್ತಡ ಅಳೆಯುವ ತೋಳುಪಟ್ಟಿಯನ್ನು 1896ರಲ್ಲಿ ರೂಪಿಸಿದವನು ಇಟಲಿಯ ರಿವಾ-ರೋಚಿ. ಅದನ್ನು ಅಮೆರಿಕಕ್ಕೆ ಒಯ್ದವನು ಮಿದುಳಿನ ಶಸ್ತ್ರವೈದ್ಯಕ್ಕೆ ತಳಹದಿ ಹಾಕಿದ ಹಾರ್ವೆ ಕುಶಿಂಗ್. 1901ರಲ್ಲಿ ಪಾವಿಯಾದ ಆಸ್ಪತ್ರೆಯಲ್ಲಿ ಈ ಸಾಧನವನ್ನು ಕಂಡು ಮರುಳಾದನಂತೆ. ಕಪಾಲದೊಳಗೆ ರಕ್ತ ತುಂಬಿ ಮಿದುಳು ಹಿಚುಕಿದಾಗ ಒತ್ತಡ ಏರುತ್ತದೆ, ನಾಡಿ ನಿಧಾನವಾಗುತ್ತದೆ ಎಂಬುದನ್ನು ಅವನು ಪ್ರಯೋಗಗಳಿಂದ ತೋರಿಸಿದ. ಜಗದ್ವಿಖ್ಯಾತ ಶಸ್ತ್ರವೈದ್ಯನೊಬ್ಬ ಊರಿಂದೂರಿಗೆ ಹೊತ್ತು ಸಾರಿದ್ದು ಕತ್ತರಿಯನ್ನಲ್ಲ, ಇಂದು ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದ ಮೇಜಿನ ಮೇಲೂ ಇರುವ ಆ ಪಟ್ಟಿಯನ್ನು ಎಂಬುದು ನೆನಪಿಡತಕ್ಕದ್ದು.

ಇನ್ನು, ನಾಳ ಒಡೆದೇ ಹೋಯಿತೆನ್ನೋಣ. ಮುಖ ಓರೆ, ತೋಳು ಸೋಲು, ಮಾತು ತೊದಲು. ಇದರ ಜೊತೆಗೆ ತೀವ್ರ ತಲೆನೋವು, ವಾಂತಿ, ಮಂಪರು ಕಂಡರೆ ರಕ್ತಸ್ರಾವದ ಸಂಶಯ ಬಲವಾಗುತ್ತದೆ. ಆದರೆ ಸಂಶಯ ನಿರ್ಣಯವಲ್ಲ. ಹೆಪ್ಪು ಕರಗಿಸುವ ಔಷಧ ಒಂದು ಬಗೆಯ ಲಕ್ವಕ್ಕೆ ಸಂಜೀವಿನಿ, ಇನ್ನೊಂದಕ್ಕೆ ವಿಷ. ಯಾವುದು ಯಾವುದೆಂದು ಹೇಳಬಲ್ಲದ್ದು ಸಿ.ಟಿ. ಸ್ಕ್ಯಾನ್. ಹೌನ್ಸ್‌ಫೀಲ್ಡನ ಆ ಯಂತ್ರದಿಂದ ಮೊತ್ತಮೊದಲ ರೋಗಿಯ ಮಿದುಳನ್ನು ಕಂಡದ್ದು 1971ರ ಅಕ್ಟೋಬರಿನಲ್ಲಿ, ಲಂಡನ್ನಿನ ಆಟ್ಕಿನ್‌ಸನ್ ಮಾರ್ಲಿ ಆಸ್ಪತ್ರೆಯಲ್ಲಿ. ಅದಕ್ಕೆ ಮುಂಚೆ ಅತಿರಥ ವೈದ್ಯರೂ ಊಹೆಯ ಮೇಲೆ ನಡೆಯಬೇಕಾಗಿತ್ತು.

ಈ ಸ್ಕ್ಯಾನೇ ಒಂದು ಹಳೆಯ ನಂಬಿಕೆಯನ್ನು ಕೆಡವಿತು. ನಾಳ ಒಡೆದು ರಕ್ತ ಒಮ್ಮೆ ಹೊರಬಿದ್ದರೆ ಮುಗಿಯಿತು, ಮುಂದಿನದೆಲ್ಲ ಬಾವಿನ ಕೆಲಸ ಎಂದು ಭಾವಿಸಿದ್ದರು. ಅಮೆರಿಕದಲ್ಲಿ 103 ರೋಗಿಗಳನ್ನು ಮತ್ತೆ ಮತ್ತೆ ಸ್ಕ್ಯಾನ್ ಮಾಡಿ ನೋಡಿದ ಅಧ್ಯಯನವೊಂದು 1997ರಲ್ಲಿ ಪ್ರಕಟವಾಯಿತು. ಮೊದಲ ಸ್ಕ್ಯಾನಾದ ಒಂದೇ ಗಂಟೆಯಲ್ಲಿ ನೂರಕ್ಕೆ 26 ಮಂದಿಯಲ್ಲಿ ರಕ್ತದ ಗಡ್ಡೆ ಗಣನೀಯವಾಗಿ ಬೆಳೆದಿತ್ತು. ಇಪ್ಪತ್ತು ಗಂಟೆಯೊಳಗೆ ಇನ್ನೂ 12 ಮಂದಿಯಲ್ಲಿ. ಎಂದರೆ, ಮನೆಯವರು ಎಣ್ಣೆ ತಿಕ್ಕುತ್ತ ಕುಳಿತ ಹೊತ್ತಿನಲ್ಲಿ ಒಳಗೆ ನೆತ್ತರು ಹರಿಯುತ್ತಲೇ ಇರಬಹುದು.

ನಮ್ಮ ಕಡೆಯ ದೂರಗಳನ್ನು ಇದಕ್ಕೆ ಹೊಂದಿಸಿ ನೋಡಬೇಕು. ಇಳಕಲ್ಲಿನಿಂದ ಬಾಗಲಕೋಟೆ ಸುಮಾರು 60 ಕಿಲೋಮೀಟರು; ಬಾದಾಮಿಯಿಂದ 40ರ ಆಸುಪಾಸು; ಬಾಗಲಕೋಟೆಯಿಂದ ಹುಬ್ಬಳ್ಳಿ ನೂರಕ್ಕೂ ಮಿಕ್ಕು. ಬೆಂಗಳೂರಿನ ಮಾತು ಬೇಡ. ಒಂದು ಕಾಲಕ್ಕೆ ಅವಿಭಕ್ತ ಬಿಜಾಪುರ ಜಿಲ್ಲೆಯ ಜನ ದೊಡ್ಡ ಕಾಯಿಲೆಯೆಂದರೆ ಮಿರಜಿನ ಮಿಷನ್ ಆಸ್ಪತ್ರೆಗೆ ರೈಲು ಹತ್ತುತ್ತಿದ್ದರು. ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ತೆರೆದದ್ದು 1957ರಲ್ಲಿ, ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ, ಅಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಆರಂಭವಾದದ್ದು 2002ರಲ್ಲಿ. 108ರ ವಾಹನ 2008ರಿಂದ ಓಡುತ್ತಿದೆ. ಹಾದಿ ಹತ್ತಿರವಾಗಿದೆಯೆಂಬುದರಲ್ಲಿ ಸಂದೇಹವಿಲ್ಲ. ಹಾದಿಗೆ ಇಳಿಯುವ ನಿರ್ಧಾರ ಅಷ್ಟು ಬೇಗ ಆಗುತ್ತಿದೆಯೆ ಎಂಬುದೇ ಪ್ರಶ್ನೆ.

ಆಸ್ಪತ್ರೆಯ ಬಾಗಿಲಲ್ಲಿ ಮನೆಯವರ ಮೊದಲ ಮಾತು: ‘ಆಪರೇಷನ್ ಮಾಡ್ರಿ, ಎಷ್ಟಾದರೂ ಆಗಲಿ.’ ತಲೆಯಲ್ಲಿ ರಕ್ತ ತುಂಬಿದೆ, ತೆರೆದು ತೆಗೆದರೆ ಆಯಿತು. ಇದಕ್ಕಿಂತ ಸರಳವಾದ ತರ್ಕ ಉಂಟೆ? ಹೊಲ ಅಡವಿಡುವುದು ಈ ತರ್ಕದ ಮೇಲೆ. ಶಸ್ತ್ರವೈದ್ಯರೂ ಹಾಗೆಯೇ ಎಣಿಸಿದ್ದರು. ಆಟ್ಕಿನ್‌ಸನ್ ಮಾರ್ಲಿಯಲ್ಲಿಯೇ, ಸ್ಕ್ಯಾನ್ ಹುಟ್ಟುವುದಕ್ಕೆ ಹತ್ತು ವರ್ಷ ಮೊದಲು, ವೈಲಿ ಮೆಕಿಸಾಕ್ ಎಂಬ ಶಸ್ತ್ರವೈದ್ಯ 180 ರೋಗಿಗಳಲ್ಲಿ ಕೆಲವರಿಗೆ ಶಸ್ತ್ರಕ್ರಿಯೆ, ಉಳಿದವರಿಗೆ ಆರೈಕೆ ಮಾತ್ರ ಎಂದು ವಿಂಗಡಿಸಿ ನೋಡಿದ. 1961ರಲ್ಲಿ ಪ್ರಕಟವಾದ ಅವನ ತೀರ್ಮಾನ: ಶಸ್ತ್ರಕ್ರಿಯೆಯಿಂದ ಲಾಭ ಕಾಣಲಿಲ್ಲ. ತನ್ನ ಕಸುಬಿನ ವಿರುದ್ಧವೇ ಸಾಕ್ಷಿ ನುಡಿಯುವ ಈ ಪ್ರಾಮಾಣಿಕತೆ ದೊಡ್ಡದು. ಅಂದಿನ ಉಪಕರಣಗಳು ಒರಟು ಎಂದು ಅದನ್ನು ಬದಿಗೊತ್ತಬಹುದಾಗಿತ್ತು. ಆದರೆ 2005ರಲ್ಲಿ, ಸೂಕ್ಷ್ಮದರ್ಶಕವೂ ಸ್ಕ್ಯಾನೂ ಬಂದಿದ್ದ ಕಾಲದಲ್ಲಿ, 27 ದೇಶಗಳ 83 ಆಸ್ಪತ್ರೆಗಳ 1,033 ರೋಗಿಗಳ ಪರೀಕ್ಷೆ ಮುಗಿದಾಗ ಫಲ ಹೆಚ್ಚು ಬೇರೆಯಾಗಿರಲಿಲ್ಲ: ಬೇಗನೆ ಶಸ್ತ್ರಕ್ರಿಯೆಗೊಂಡವರಲ್ಲಿ ಚೇತರಿಸಿಕೊಂಡವರು ನೂರಕ್ಕೆ 26, ಮೊದಲಿಗೆ ಆರೈಕೆಯನ್ನಷ್ಟೆ ಪಡೆದವರಲ್ಲಿ 24.

ಏಕೆ ಹೀಗೆ? ಒತ್ತಡದಿಂದ ಒಡೆಯುವ ನಾಳಗಳು ಆಳದಲ್ಲಿವೆ. ಅಲ್ಲಿಗೆ ತಲುಪಬೇಕಾದರೆ ಕೆಡದೆ ಉಳಿದ ಮಿದುಳನ್ನು ಸೀಳಿಕೊಂಡು ಹೋಗಬೇಕು. ಉಳಿಸಲು ಹೊರಟ ದಾರಿಯಲ್ಲಿಯೇ ಕೆಡಿಸಬೇಕು. ತೆಗೆದ ಜಾಗದಲ್ಲಿ ಮತ್ತೆ ರಕ್ತ ಜಿನುಗಬಹುದು. ಸುತ್ತಲಿನ ಮಿದುಳು ಬಾಯಬಹುದು. ಮಿದುಳನೀರಿನ ಹರಿವು ಕಟ್ಟಿ ಕುಹರಗಳು ಉಬ್ಬಬಹುದು. ಆ ನೀರು ಹೊರಹರಿಯಲೆಂದು ಇಟ್ಟ ನಳಿಕೆಯ ಮೂಲಕ ಸೋಂಕು ಒಳನುಗ್ಗಬಹುದು. ಹಾಗೆಂದು ಶಸ್ತ್ರಕ್ರಿಯೆ ನಿರರ್ಥಕವೆಂದು ಯಾರೂ ತಿಳಿಯಬಾರದು. ಹಿಂಮಿದುಳಿನಲ್ಲಿ ಮೂರು ಸೆಂಟಿಮೀಟರು ಮೀರಿದ ರಕ್ತಗಡ್ಡೆ ಉಸಿರಾಟದ ಕೇಂದ್ರವನ್ನು ಒತ್ತುತ್ತಿದ್ದರೆ ಕೂಡಲೇ ತೆಗೆಯುವುದೇ ಪ್ರಾಣ ಉಳಿಸುವ ದಾರಿ. 2024ರಲ್ಲಿ ಪ್ರಕಟವಾದ, ಅಮೆರಿಕದ 300 ರೋಗಿಗಳ ಮೇಲಿನ ಪ್ರಯೋಗವೊಂದರಲ್ಲಿ, ಸಣ್ಣ ನಾಳಿಕೆಯೊಂದನ್ನು ನರತಂತುಗಳ ಜಾಡು ಹಿಡಿದು ಇಳಿಸಿ ಒಂದು ದಿನದೊಳಗೆ ರಕ್ತ ಹೀರಿದಾಗ ಮೇಲ್ಪದರದ ರಕ್ತಸ್ರಾವದವರಿಗೆ ನಿಜವಾದ ಲಾಭ ಕಂಡಿತು. ಆಳದ ರಕ್ತಸ್ರಾವದವರಿಗೆ ಅಲ್ಲಿಯೂ ಕಾಣಲಿಲ್ಲ. ಆದ್ದರಿಂದ ‘ಆಪರೇಷನ್ ಬೇಡ’ ಎನ್ನುವ ವೈದ್ಯ ಕೈಚೆಲ್ಲಿದನೆಂದಾಗಲಿ, ಬಡವನೆಂದು ಬಿಟ್ಟನೆಂದಾಗಲಿ ಭಾವಿಸಬೇಕಾಗಿಲ್ಲ. ಆ ಮಾತಿನ ಹಿಂದೆ ಅರುವತ್ತು ವರ್ಷಗಳ ಪರೀಕ್ಷೆಯಿದೆ.

ಶಸ್ತ್ರವಿಲ್ಲದೆ ಮಾಡಬಹುದಾದದ್ದರ ತೂಕ ಈಚೆಗೆ ಗೊತ್ತಾಗುತ್ತಿದೆ. ಭಾರತವೂ ಸೇರಿದಂತೆ ಹತ್ತು ದೇಶಗಳ 121 ಆಸ್ಪತ್ರೆಗಳಲ್ಲಿ 7,036 ರೋಗಿಗಳನ್ನು ಒಳಗೊಂಡ ಪ್ರಯೋಗದ ಫಲ 2023ರಲ್ಲಿ ಹೊರಬಂತು. ರಕ್ತದೊತ್ತಡದ ಮೇಲಿನ ಅಂಕಿಯನ್ನು ಒಂದು ಗಂಟೆಯೊಳಗೆ 140ಕ್ಕಿಂತ ಕೆಳಗಿಳಿಸುವ ಗುರಿ, ಸಕ್ಕರೆಯ ಮೇಲೆ ನಿಗಾ, ಜ್ವರ ಏರದಂತೆ ತಡೆ, ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುತ್ತಿದ್ದರೆ ಅದರ ಪ್ರಭಾವವನ್ನು ಕೂಡಲೇ ಅಳಿಸುವುದು: ಈ ನಾಲ್ಕನ್ನು ಒಟ್ಟಿಗೆ, ತಡಮಾಡದೆ ಮಾಡಿದಲ್ಲಿ ಸತ್ತವರೂ ಕಡಿಮೆ, ಅಂಗವೈಕಲ್ಯವೂ ಕಡಿಮೆ. ಆ ಆಸ್ಪತ್ರೆಗಳಲ್ಲಿ ಬಹುಪಾಲು ನಮ್ಮಂಥ ಬಡ ಮತ್ತು ಮಧ್ಯಮ ವರಮಾನದ ದೇಶಗಳವು. ನಾಲ್ಕರಲ್ಲಿ ಒಂದಕ್ಕೂ ಶಸ್ತ್ರಾಗಾರ ಬೇಕಿಲ್ಲ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಕೂಡಿ 2022ರಲ್ಲಿ ತೊಡಗಿಸಿದ ಮಿದುಳು ಆರೋಗ್ಯದ ಯೋಜನೆ ಜಿಲ್ಲೆಗಳ ಸಾಮಾನ್ಯ ವೈದ್ಯರನ್ನೇ ಇಂಥ ರೋಗಗಳಿಗೆ ತರಬೇತುಗೊಳಿಸಹೊರಟದ್ದು ಇದೇ ದಿಕ್ಕಿನ ಹೆಜ್ಜೆ.

ಆಮೇಲಿನ ದಿನಗಳ ಮಾತು ಇನ್ನೂ ಇದೆ. ಶಸ್ತ್ರಕ್ರಿಯೆಯಾಗಲಿ ಬಿಡಲಿ, ಮೊದಲ ವಾರ ದಾಟಿದ ರೋಗಿಯನ್ನು ಕಾಡುವ ತೊಡಕುಗಳಲ್ಲಿ ಹೆಚ್ಚಿನವು ಹಾಸಿಗೆಯ ತೊಡಕುಗಳು: ಬೆನ್ನಹುಣ್ಣು, ಕಾಲಿನ ನಾಳದಲ್ಲಿ ಹೆಪ್ಪು, ಮೂತ್ರದ ಸೋಂಕು, ಎಲ್ಲಕ್ಕಿಂತ ಮಿಗಿಲಾಗಿ ನ್ಯುಮೋನಿಯಾ. ಅರ್ಧಾಂಗ ಬಿದ್ದವನಿಗೆ ಗಂಟಲಿನ ಸ್ನಾಯುಗಳೂ ಸೋತಿರುತ್ತವೆ. ನುಂಗಿದ್ದು ಅನ್ನನಾಳಕ್ಕೆ ಹೋಗುವ ಬದಲು ಶ್ವಾಸನಾಳಕ್ಕೆ ಇಳಿಯುತ್ತದೆ, ಕೆಮ್ಮು ಕೂಡ ಬಾರದೆ. ಇತ್ತ ಊರಿಂದ ಬಂದ ತಾಯಿಗೆ, ಹೆಂಡತಿಗೆ ಎರಡು ದಿನದಿಂದ ಗಂಡಸು ಉಪವಾಸವಿದ್ದಾನೆಂಬುದೇ ಸಂಕಟ. ದಾದಿ ಆಚೆ ಹೋದದ್ದೇ ತಡ, ಮಲಗಿದ್ದಂತೆಯೇ ಒಂದು ಗುಟುಕು ಗಂಜಿ, ನಾಲ್ಕು ಚಮಚ ಎಳನೀರು. ಪ್ರೀತಿ ಪುಪ್ಪುಸಕ್ಕೆ ಇಳಿಯುತ್ತದೆ. ಆಸ್ಟ್ರೇಲಿಯದ 19 ಲಕ್ವ ವಿಭಾಗಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹೊಸ ಔಷಧ ಯಾವುದೂ ಇರಲಿಲ್ಲ. ದಾದಿಯರು ಜ್ವರವನ್ನೂ ಸಕ್ಕರೆಯನ್ನೂ ನೋಡಿಕೊಂಡರು; ನುಂಗುವ ಶಕ್ತಿಯನ್ನು ಪರೀಕ್ಷಿಸುವವರೆಗೆ ಬಾಯಿಗೆ ಏನನ್ನೂ ಹಾಕಗೊಡಲಿಲ್ಲ. ಹಾಗೆ ಮಾಡದ ಕಡೆ ಮೂರು ತಿಂಗಳ ಹೊತ್ತಿಗೆ ಸತ್ತವರು ಅಥವಾ ಪರಾಧೀನರಾದವರು ನೂರಕ್ಕೆ 58. ಮಾಡಿದ ಕಡೆ 42. ಮಿದುಳಿನ ಶಸ್ತ್ರಕ್ರಿಯೆಯ ಯಾವ ಪರೀಕ್ಷೆಗಿಂತಲೂ ಈ ಅಂಕಿ ನನಗೆ ಹೆಚ್ಚು ಬೆರಗು ತಂದಿದೆ.

ಹಾಗಾದರೆ ಮನೆಯವರಿಗೇ ಕಲಿಸಿಬಿಟ್ಟರೆ? ನಮ್ಮ ದೇಶದ ಸಂಶೋಧಕರು ಇದನ್ನೂ ಪರೀಕ್ಷಿಸಿದರು. 14 ಆಸ್ಪತ್ರೆಗಳ 1,250 ಲಕ್ವ ರೋಗಿಗಳಲ್ಲಿ ಅರ್ಧ ಮಂದಿಯ ಮನೆಯವರಿಗೆ ಅಂಗಸಾಧನೆ ಮಾಡಿಸುವುದನ್ನು ಹೇಳಿಕೊಟ್ಟು ಕಳಿಸಿದರು. ಕೂಡುಕುಟುಂಬದ ನಾಡಿನಲ್ಲಿ ಇದು ಫಲಿಸದೆ ಇರುತ್ತದೆಯೆ ಎಂದು ಎಲ್ಲರ ನಿರೀಕ್ಷೆ. 2017ರಲ್ಲಿ ಫಲ ಬಂದಾಗ, ಆರು ತಿಂಗಳ ಅನಂತರ ಎರಡು ಗುಂಪುಗಳ ನಡುವೆ ವ್ಯತ್ಯಾಸವಿರಲಿಲ್ಲ. ಮನೆಯವರು ಸೋತರೆಂದು ಇದರ ಅರ್ಥವಲ್ಲ. ಹೇಳಿಕೊಡದಿದ್ದ ಮನೆಗಳಲ್ಲಿಯೂ ಹೆಂಡತಿ ಮಕ್ಕಳು ತಮಗೆ ತೋಚಿದಷ್ಟನ್ನು ಮಾಡುತ್ತಲೇ ಇದ್ದಿರಬೇಕು. ಕೈ ತಿರುಗಿಸಲು, ಕಾಲು ಊರಿಸಲು, ಮಾತು ಹೊರಡಿಸಲು ಪಳಗಿದ ಕೈ ಬೇಕು, ಅದೂ ತಿಂಗಳುಗಟ್ಟಲೆ. ಹುನಗುಂದದಿಂದ ವಾರಕ್ಕೆ ಮೂರು ಸಲ ರೋಗಿಯನ್ನು ಬಸ್ಸಿನಲ್ಲಿ ಹೊತ್ತು ಜಿಲ್ಲಾ ಸ್ಥಳಕ್ಕೆ ಒಯ್ಯುವುದು ಯಾರಿಂದಾದೀತು? ಪಳಗಿದವರೇ ತಾಲ್ಲೂಕಿಗೆ, ಸಂತೆಯ ದಿನಕ್ಕಾದರೂ, ಬರುವಂತಾದರೆ ಎಷ್ಟು ಕೈಗಳು ಮತ್ತೆ ಲಾಳಿ ಹಿಡಿದಾವೆಂಬುದನ್ನು ಇನ್ನು ಅಳೆದು ನೋಡಬೇಕಾಗಿದೆ.